ನಾಮಪಂಚಭೇದ ಪ್ರಕರಣ

ಜಗತ್ತಿನಲ್ಲಿ ಐದು ಭೇದಗಳಿವೆ ಎಂದು ಮಧ್ವಾಚಾರ್ಯರು ಹೇಳಿದರು: ಜೀವ-ಈಶ್ವರ, ಜೀವ-ಜೀವ, ಜೀವ-ಜಡ, ಜಡ-ಈಶ್ವರ, ಜಡ-ಜಡ. ಅಮೆರಿಕದ ವಲಸೆ ವೀಸಾಕ್ಕೆ ಅರ್ಜಿ ಹಾಕಿದವರಿಗೆ ಆರನೆಯದೊಂದು ಗೋಚರಿಸುತ್ತದೆ: ಅರ್ಜಿದಾರರಿಗೂ ಅದೇ ಅರ್ಜಿದಾರರಿಗೂ ನಡುವಿನ ಭೇದ. ವಲಸೆ ಸಲಹಾಕಾರರು ಇದನ್ನು ‘ನೇಮ್ ಡಿಸ್ಕ್ರೆಪೆನ್ಸಿ’ ಎನ್ನುತ್ತಾರೆ. ಹಾಗೆಂದು ಹೇಳಿದ್ದಕ್ಕೇ ಫೀಸು ತೆಗೆದುಕೊಳ್ಳುತ್ತಾರೆ. ಸದರಿ ಭೇದವನ್ನು ಪುನಃ ಐದಾಗಿ ಸೀಳಿ, ಪೂರ್ವಪಕ್ಷವನ್ನು ಖಂಡಿಸಿ, ಸಿದ್ಧಾಂತವನ್ನು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಘನೋದ್ದೇಶ.

ಆಕರ ಸಾಮಗ್ರಿ

ಅಧ್ಯಯನಕ್ಕೆ ಮಂಡ್ಯ ಜಿಲ್ಲೆಯ ಒಬ್ಬ ಹಿರಿಯ ಮಹಿಳೆಯನ್ನು ಆಯ್ದುಕೊಳ್ಳಲಾಗಿದೆ. ಆಯ್ಕೆಯ ಮಾನದಂಡ: ಆಕೆ ಲೇಖಕನ ದೊಡ್ಡವ್ವ. ಮಗ ಅಮೆರಿಕದ ಪೌರನಾಗಿ, ತಾಯಿಯನ್ನು ಕರೆಸಿಕೊಳ್ಳಲು ಐ-130 ಅರ್ಜಿ ಹಾಕಿದ್ದಾನೆ. ಆಕೆ ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ. ಆಧಾರಿನಲ್ಲಿ ಲಕ್ಷ್ಮಿದೇವಮ್ಮ. ಪಹಣಿಯಲ್ಲಿ ಲಕ್ಷ್ಮಮ್ಮ ಕೋಂ ನಂಜೇಗೌಡ. ಮಗನ ದಾಖಲೆಗಳಲ್ಲಿ ತಾಯಿಯ ಹೆಸರು ಲಕ್ಷ್ಮೀದೇವಿ. ಆಕೆ ಓಗೊಡುವುದು ಮಾತ್ರ ಚಿಕ್ಕತಾಯಮ್ಮ ಎಂದು ಕೂಗಿದರೆ. ಆ ಹೆಸರು ಯಾವ ದಾಖಲೆಯಲ್ಲೂ ಇಲ್ಲವಾದ್ದರಿಂದ ವಿದ್ವಾಂಸರು ಅದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಿದ್ದಾರೆ.

1. ಇನಿಷಿಯಲ್ ಭೇದ

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ರಮೇಶ ಕೆ. ಎನ್.’ ಎಂದಿರುವ, ಆಕೆಯ ಮಗನೆಂಬ ಜೀವವು ಪಾಸ್‌ಪೋರ್ಟಿನಲ್ಲಿ ಸ್ಫೋಟಗೊಳ್ಳುತ್ತದೆ, ಏಕೆಂದರೆ ಅಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. (ವೈಯಾಕರಣರ ಸ್ಫೋಟವಾದಕ್ಕೂ ಇದಕ್ಕೂ ಸಂಬಂಧವಿಲ್ಲ.) ಕೆ. ಎಂದರೆ ಕಿರುಗಾವಲು, ಎನ್. ಎಂದರೆ ನಂಜೇಗೌಡ. ಅಲ್ಲಿಯವರೆಗೆ ಒಂದೊಂದು ಅಕ್ಷರದಲ್ಲಿ ತೆಪ್ಪಗಿದ್ದ ಊರೂ ಅಪ್ಪನೂ ಎದ್ದು ಬಂದು ಸರ್‌ನೇಮ್ ಪದವಿಗೆ ಸ್ಪರ್ಧಿಸುತ್ತಾರೆ. ಸಾಮಾನ್ಯವಾಗಿ ಅಪ್ಪ ಗೆಲ್ಲುತ್ತಾನೆ. ಆಗ ರಮೇಶನ ಸರ್‌ನೇಮ್ ನಂಜೇಗೌಡ, ರಮೇಶನ ಮಗಳದು ರಮೇಶ, ನಂಜೇಗೌಡರದು ಅವರಪ್ಪ ಸಿದ್ದೇಗೌಡ. ಮೂರು ತಲೆಮಾರು, ಮೂರು ಮನೆತನ. ಇವರೆಲ್ಲ ಒಂದೇ ಪಂಕ್ತಿಯಲ್ಲಿ ಉಣ್ಣುವವರು ಎಂಬುದನ್ನು ಮುಂಬಯಿಯ ಕಾನ್ಸುಲೇಟಿನ ಗಾಜಿನ ಕಿಟಕಿಯ ಮುಂದೆ ನಿಂತು ಸಾಧಿಸಿ ತೋರಿಸಬೇಕು.

2. ಕಾಗುಣಿತ ಭೇದ

ಲಕ್ಷ್ಮಿಯ ‘ಕ್ಷ’ವನ್ನು ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಎಂದು ಬರೆಯುವುದು ಒಂದು ಶಾಖೆ, ಎಕ್ಸ್ ಎಂದು ಬರೆಯುವುದು ಮತ್ತೊಂದು. ‘ಕ್ಷ್ಮಿ’ಗೆ ಒಂದು ಐ ಸಾಕೆನ್ನುವವರು, ಎರಡು ಈ ಬೇಕೆನ್ನುವವರು. ‘ಅಮ್ಮ’ನಿಗೆ ಒಂದು ಎಮ್, ಎರಡು ಎಮ್. ಇಷ್ಟು ಪಾಠಾಂತರಗಳಿಂದಲೇ ಒಬ್ಬ ಹೆಂಗಸಿನಿಂದ ಎಂಟು ಹೆಂಗಸರು ನಿಷ್ಪನ್ನರಾಗುತ್ತಾರೆ. ಹಸ್ತಪ್ರತಿ ಸಂಪಾದಕರಾದರೆ ಇವನ್ನು ಅಡಿಟಿಪ್ಪಣಿಗೆ ಹಾಕಿ ಮುಂದೆ ಹೋಗುತ್ತಾರೆ. ವೀಸಾ ಅಧಿಕಾರಿಗೆ ಅನುಮಾನ ಬಂದರೆ 221(ಜಿ) ಎಂಬ ಚೀಟಿ ಕೊಡುತ್ತಾರೆ: ದಾಖಲೆ ಸಾಲದು, ಸದ್ಯಕ್ಕೆ ವೀಸಾ ಇಲ್ಲ.

3. ಶೂನ್ಯ ಭೇದ

ಪಾಸ್‌ಪೋರ್ಟಿನ ಅಡಿಯಲ್ಲಿ ಯಂತ್ರ ಓದುವ ಎರಡು ಸಾಲುಗಳಿವೆ. ಸಾಲಿಗೆ 44 ಮನೆ, ಅದರಲ್ಲಿ ಹೆಸರಿನ ಪಾಲಿಗೆ 39. ಇಷ್ಟು ಉದಾರವಾಗಿ ಜಾಗ ಬಿಟ್ಟಿದ್ದರೂ ಕೆಲವರು ಒಂದೇ ಹೆಸರಿಟ್ಟುಕೊಂಡು ಸರ್‌ನೇಮನ್ನು ಖಾಲಿ ಬಿಡುತ್ತಾರೆ. ಅಮೆರಿಕದ ವೀಸಾ ಆ ಒಂದೇ ಹೆಸರನ್ನು ಸರ್‌ನೇಮಿನ ಜಾಗಕ್ಕೆ ದಬ್ಬಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚು ಹಾಕುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ಗೊತ್ತಿಲ್ಲವೆಂದು ಬರೆದವರ ಕೈಯಲ್ಲೇ ಆ ಹೆಸರಿನ ಪಾಸ್‌ಪೋರ್ಟ್ ಇರುತ್ತದೆ. ಯುಎಇ ಇನ್ನೂ ಖಡಕ್ಕು. ಒಂಟಿ ಹೆಸರಿನ ಭಾರತೀಯರಿಗೆ ಭೇಟಿ ವೀಸಾದಲ್ಲಿ ಪ್ರವೇಶವೇ ಇಲ್ಲ ಎಂದು 2022ರ ನವೆಂಬರಿನಲ್ಲಿ ಸಾರಿತು. ಆಮೇಲೆ, ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ನಡೆದೀತು ಎಂದು ಸಡಿಲಿಸಿತು.

4. ಸ್ಥಳ ಭೇದ

ದೊಡ್ಡವ್ವ ಹುಟ್ಟಿದ್ದು ಮೈಸೂರು ರಾಜ್ಯದಲ್ಲಿ. 1973ರ ನವೆಂಬರ್ 1ರಂದು, ಮಲಗಿದ ಚಾಪೆಯಿಂದ ಏಳದೆ, ಕರ್ನಾಟಕಕ್ಕೆ ವಲಸೆ ಬಂದಳು. ಯಾರೂ ವೀಸಾ ಕೇಳಲಿಲ್ಲ.

ಐದನೆಯದು ಇಲ್ಲ. ಐದು ಎಂದಿದ್ದು ಶಾಸ್ತ್ರಕ್ಕೆ.

ಪರಿಹಾರ ಖಂಡ

ಭೇದರೋಗಕ್ಕೆ ಅದ್ವೈತವೇ ಮದ್ದು. ಶಂಕರರು ಛಾಪಾಕಾಗದದ ನೆರವಿಲ್ಲದೆ ಅಭೇದವನ್ನು ಸ್ಥಾಪಿಸಿದ್ದರು. ಈಗ ನೋಟರಿ ಬೇಕು. ಕೋರ್ಟಿನೆದುರಿನ ಜೆರಾಕ್ಸ್ ಅಂಗಡಿಯ ಪಕ್ಕ ಕೂರುವ ನೋಟರಿಯ ಬಳಿ ‘ಒನ್ ಅಂಡ್ ದಿ ಸೇಮ್’ ಅಫಿಡವಿಟ್ ಸಿದ್ಧವಾಗಿಯೇ ಇರುತ್ತದೆ, ಹೆಸರು ತುಂಬಿದರಾಯಿತು. ಇಂಗ್ಲಿಷಿನಲ್ಲಿತ್ತು. ಗುಮಾಸ್ತ ದೊಡ್ಡವ್ವನ ಎಡಗೈ ಹೆಬ್ಬೆಟ್ಟನ್ನು ಹಿಡಿದು ಇಂಕ್ ಪ್ಯಾಡಿಗೆ ಒತ್ತಿದ.

“ಏನಂತ ಬರ್ದವ್ರೆ ಮಗ?”

“ಇವರೆಲ್ಲ ನೀನೇ ಅಂತ, ದೊಡ್ಡವ್ವ.”

“ನಾನಲ್ದೆ ಇನ್ಯಾರು?”

ಈ ಪ್ರಶ್ನೆಗೆ ಉತ್ತರ ಬರೆಯಲು ಅಫಿಡವಿಟ್ಟಿನಲ್ಲಿ ಕಾಲಮ್ ಇರಲಿಲ್ಲ.

ಜನನ ಪ್ರಮಾಣಪತ್ರದ ಮಾತಂತೂ ಬೇಡ. ಆಕೆ ಹುಟ್ಟಿದಾಗ 1969ರ ಜನನ ಮರಣ ನೋಂದಣಿ ಕಾಯ್ದೆಯೇ ಹುಟ್ಟಿರಲಿಲ್ಲ. ಹಾಗಾಗಿ ದಾಖಲೆ ಇಲ್ಲ ಎಂಬುದಕ್ಕೊಂದು ದಾಖಲೆ ತರಬೇಕು. ಜೊತೆಗೆ, ಆಕೆ ಹುಟ್ಟಿದ್ದು ಬಲ್ಲ ಹಿರಿಯ ಬಂಧುಗಳ ಅಫಿಡವಿಟ್. ಎಪ್ಪತ್ತು ದಾಟಿದವಳ ಹುಟ್ಟನ್ನು ಕಂಡ ಹಿರಿಯರು ಎಲ್ಲಿದ್ದಾರೆ ಸ್ವಾಮಿ? ಅವರೆಲ್ಲ ಹೋದ ಕಡೆಗೆ ಯಾವ ಕಾನ್ಸುಲೇಟೂ ಇಲ್ಲ.

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಮೀಮಾಂಸೆ ಬೇಕಿರಲಿಲ್ಲ. ಡಿಎಸ್-260 ಅರ್ಜಿಯಲ್ಲೇ ಒಂದು ಪ್ರಶ್ನೆ ಇದೆ: ಬೇರೆ ಹೆಸರುಗಳನ್ನು ಬಳಸಿದ್ದೀರಾ? ಹೌದೆಂದು ಒತ್ತಿ, ದಾಖಲೆಗಳಲ್ಲಿರುವ ಅಷ್ಟೂ ಹೆಸರುಗಳನ್ನು ಇದ್ದ ಹಾಗೆ ತುಂಬಿ, ಆಯಾ ಕಾಗದಗಳನ್ನು ಜೊತೆಗಿಟ್ಟುಕೊಂಡು ಹೋದರೆ ಗಂಟಿನ ಬಹುಭಾಗ ಸಡಿಲವಾಗುತ್ತದೆ. ಸಲಹಾಕಾರರು ‘ರಿಸ್ಕ್ ಮ್ಯಾಟ್ರಿಕ್ಸ್’ ಹಾಕಿ, ಮುದುಕಿಯ ಎದೆ ನಡುಗಿಸಿ, ಕಡೆಗೆ ಹೇಳುವುದೂ ಇಷ್ಟನ್ನೇ.

ಆದರೆ ಆ ಪ್ರಶ್ನೆಯೇ ನನ್ನ ಹೊಟ್ಟೆ ಉರಿಸುತ್ತದೆ. ‘ಬಳಸಿದ್ದೀರಾ’ ಅಂತೆ. ಆಕೆ ಯಾವುದನ್ನೂ ಬಳಸಲಿಲ್ಲ. ರೇಷನ್ ಕಾರ್ಡಿನವನು ಜಗಲಿಯ ಮೇಲೆ ಕೂತು ಕಿವಿಗೆ ಬಿದ್ದಷ್ಟು ಬರೆದುಕೊಂಡ. ಮಗನ ಶಾಲೆಯ ಮೇಷ್ಟರಿಗೆ ‘ಅಮ್ಮ’ ಹಳ್ಳಿಗಾಡೆನಿಸಿತು, ‘ದೇವಿ’ ಮಾಡಿದರು. ಆಧಾರಿನ ಹುಡುಗ ಎರಡನ್ನೂ ಕಲಸಿದ. ಆಕೆಗೆ ಓದಲು ಬಂದಿದ್ದರೆ ತಿದ್ದಿಸುತ್ತಿದ್ದಳು. ಓದಿಸಲಿಲ್ಲ. ಅವಳ ಹೆಸರನ್ನು ಹೀಗೆ ಹರಿದು ಹಂಚಿದವರಲ್ಲಿ ಒಬ್ಬರೂ ಪ್ರಮಾಣ ಮಾಡಲಿಲ್ಲ. ತನ್ನ ಕೈಯಾರೆ ಒಂದಕ್ಷರ ಬರೆಯದವಳು, ಬೇರೆಯವರು ಬರೆದ ಅಷ್ಟಕ್ಕೂ ಹೆಬ್ಬೆಟ್ಟೊತ್ತಿ ಜವಾಬುದಾರಳಾದಳು.

ಸಿದ್ಧಾಂತ: ಇನ್ನೊಬ್ಬರ ಹೆಸರು ಬರೆಯುವ ಪ್ರತಿಯೊಬ್ಬ ನೌಕರನೂ, ಬರೆದದ್ದನ್ನು ಆ ಮನುಷ್ಯರಿಗೆ ಓದಿ ಹೇಳಿ, ಸರಿಯೆನಿಸಿಕೊಂಡು, ಕೆಳಗೆ ತಾನು ಸಹಿ ಹಾಕತಕ್ಕದ್ದು. ತಪ್ಪಿದಲ್ಲಿ ಅಫಿಡವಿಟ್ಟನ್ನು ಅವನೇ ಮಾಡಿಸತಕ್ಕದ್ದು. ಛಾಪಾಕಾಗದದ ದುಡ್ಡೂ ಅವನದೇ.