ಭಾಮೆಯ ಮುನಿಸು

ಒಂದು ಹೂವು ಕೊಡುವುದರಲ್ಲಿ ಕೃಷ್ಣ ಕೆಟ್ಟ. ನಾರದ ತಂದ ಪಾರಿಜಾತವನ್ನು ರುಕ್ಮಿಣಿಯ ಕೈಗಿಟ್ಟ. ನಾರದನೋ, ಕಡ್ಡಿ ಗೀರುವುದಕ್ಕೇ ಹುಟ್ಟಿದವನು. ಸುದ್ದಿ ಸತ್ಯಭಾಮೆಯ ಮನೆ ಮುಟ್ಟಿತು. ಕಥೆ ಇಷ್ಟೇ. ಇದನ್ನೇ ನಮ್ಮ ಗೋಕಾಕದ ಕಡೆ ಬೆಳತನಕ ಆಡುತ್ತಾರೆ, ನಾವೂ ಕಂಬಳಿ ಹೊದ್ದು ಬೆಳತನಕ ನೋಡುತ್ತೇವೆ. ಹುಕ್ಕೇರಿಯಿಂದ ಹಿಂದೆ ವಿಜಾಪುರದ ಅರಮನೆಗೆ ಗುಲಾಬಿ ಹೋಗುತ್ತಿದ್ದವಂತೆ. ದ್ವಾರಕೆಗೂ ಒಂದು ಬುಟ್ಟಿ ಹೋಗಿದ್ದರೆ ‘ಶ್ರೀಕೃಷ್ಣ ಪಾರಿಜಾತ’ವೆಂಬ ಆಟವೇ ಹುಟ್ಟುತ್ತಿರಲಿಲ್ಲವೇನೋ.

ಬರೆದವರು ಅಪರಾಳ ತಮ್ಮಣ್ಣ. ಆಟಕ್ಕೆ ತಿದ್ದಿ ತೀಡಿದವರು ಕುಲಗೋಡ ತಮ್ಮಣ್ಣ. ಕುಲಗೋಡ ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕು. ಸರಕಾರ ಗಡಿ ಬದಲಿಸಿತು, ಭಾಮೆಯ ಸಿಟ್ಟು ಮಾತ್ರ ಇದ್ದಲ್ಲೇ ಇದೆ.

ಮನಸ್ಸಿನ ತಳಮಳವನ್ನು ಕುಣಿತದಲ್ಲಿ ತೋರಿಸುವ ನೃತ್ಯನಾಟಕಗಳನ್ನು ಪಟ್ಟಣದ ಸಭಾಭವನಗಳಲ್ಲೂ ನೋಡಿದ್ದೇನೆ. ಅಲ್ಲಿ ನೀಲಿ ಬೆಳಕಿನಲ್ಲಿ ನಾಯಕಿ ಒಬ್ಬಳೇ ನರಳುತ್ತಾಳೆ. ಯಾರೂ ಅಡ್ಡ ಬಾಯಿ ಹಾಕುವುದಿಲ್ಲ. ಇಲ್ಲಿ ಭಾಗವತನಿದ್ದಾನೆ. ಭಾಮೆ ಗೆಜ್ಜೆ ಕಟ್ಟಿದ ಕಾಲನ್ನು ನೆಲಕ್ಕೆ ಬಡಿದು, ಪೇಟಿಯ ಮೇಲಿನ ಸ್ವರಕ್ಕೆ ದನಿ ಏರಿಸಿ, ತನ್ನ ಗೋಳನ್ನೆಲ್ಲ ಹಾಡಿ ನಿಲ್ಲಿಸುತ್ತಾಳೆ. ಇವನು ಏನೂ ಕೇಳಿಸಿಕೊಳ್ಳದವನ ಹಾಗೆ, ‘ಯಾಕವ್ವಾ, ಏನಾತು?’ ಅನ್ನುತ್ತಾನೆ. ಅವಳು ಮತ್ತೆ ಮೊದಲಿನಿಂದ ಹೇಳಬೇಕು. ಹೇಳುತ್ತ ಹೇಳುತ್ತ ಸಿಟ್ಟು ಅಳುವಾಗಿ, ಅಳು ಬಿಂಕವಾಗಿ, ಬಿಂಕದೊಳಗಿಂದ ‘ಇನ್ನೂ ಯಾಕ ಬರಲಿಲ್ಲ ಅಂವ’ ಅನ್ನುವ ಹಂಬಲ ಇಣುಕುತ್ತದೆ. ಅಷ್ಟರಲ್ಲಿ ದೂತಿ ಬಂದು ಊರ ಮಾತಿನಲ್ಲಿ ಕುಟುಕುತ್ತಾಳೆ. ದುಡ್ಡು ತೆಗೆದುಕೊಳ್ಳುವ ಮನೋವೈದ್ಯರೂ ಇಷ್ಟು ತಾಳ್ಮೆಯಿಂದ ಕೆದಕಲಾರರು.

ಗಂಡಸರೇ ಸೀರೆ ಉಟ್ಟು ಸವತಿ ಮತ್ಸರ ಆಡುತ್ತಿದ್ದ ಆಟಕ್ಕೆ ಕೌಜಲಗಿ ನಿಂಗಮ್ಮ ಬಂದರು, ಭಾಮೆಯಾಗಿ ಹೆಸರಾದರು. ಗಂಡಸು ಆಡಿದಾಗ ನಕ್ಕು ಸುಮ್ಮನಾಗಬಹುದು. ಹೆಂಗಸೇ ಎದುರು ನಿಂತು ಲೆಕ್ಕ ಕೇಳಿದಾಗ ಮುಂದಿನ ಸಾಲಿನ ಯಜಮಾನರು ಕೂತಲ್ಲೇ ಮಿಸುಕಾಡಿರಬೇಕು.

ಕೃಷ್ಣ ಕೊನೆಗೆ ಗಿಡವನ್ನೇ ತಂದು ಭಾಮೆಯ ಅಂಗಳದಲ್ಲಿ ನೆಟ್ಟನಂತೆ. ಟೊಂಗೆ ಬಾಗಿ ಹೂವೆಲ್ಲ ರುಕ್ಮಿಣಿಯ ಅಂಗಳಕ್ಕೇ ಉದುರಿದುವಂತೆ. ನುಗ್ಗೆಗಿಡದ ಟೊಂಗೆಗಾಗಿ ಪಕ್ಕದ ಮನೆಯವರೊಡನೆ ಮಾತು ಬಿಟ್ಟಿರುವ ನಮ್ಮ ಅತ್ತೆಗೆ ಇದು ಪುರಾಣವೆಂದರೆ ನಂಬಿಕೆಯಿಲ್ಲ. ‘ನೀರು ಹಾಕಾಕಿ ಭಾಮಾ, ಹೂವು ಆರಿಸಾಕಿ ರುಕ್ಮಿಣಿ! ಆಕೀ ಒಂದು ಮಾತರ ಆಡತಾಳೇನು ನೋಡು’ ಎನ್ನುತ್ತ ಎಲೆಗೆ ಸುಣ್ಣ ಸವರುತ್ತಾಳೆ.