ಸಕುಟುಂಬ ಸಪರಿವಾರ ಸಮೇತ ಇನ್‌ಸ್ಟಾಲ್ ಮಾಡಿ

ಮದುವೆ ಸೀಸನ್ ಶುರುವಾದರೆ ಅಡುಗೆ ಭಟ್ಟರಿಗೂ ವಾಲಗದವರಿಗೂ ಪುರುಸೊತ್ತಿರುವುದಿಲ್ಲ. ಅವರಿಗಿಂತ ಬಿಜಿಯಾದ ಒಬ್ಬರು ಈಚೆಗೆ ಹುಟ್ಟಿಕೊಂಡಿದ್ದಾರೆ. ‘ಮದುವೆ ಕರೆಯೋಲೆ.ಎಪಿಕೆ’ ಎಂಬ ಹೆಸರಿನಲ್ಲಿ ವಾಟ್ಸಾಪ್ ಹತ್ತಿ ಮನೆಮನೆಗೆ ಬರುವ ಈ ಫೈಲನ್ನು, ತೆರೆಯದೆ, ದೂರದಿಂದಲೇ ಮಾತಾಡಿಸಿದೆವು.

ನಾವು: ನಮಸ್ಕಾರ. ಮದುವೆ ಯಾರದ್ದು?

ಕರೆಯೋಲೆ: ಒಳಗೆ ಬಂದು ನೋಡಿ.

ನಾವು: ವಧುವಿನ ಹೆಸರಾದರೂ ಹೇಳಿ.

ಕರೆಯೋಲೆ: ಇನ್‌ಸ್ಟಾಲ್ ಮಾಡಿದರೆ ತಿಳಿಯುತ್ತೆ.

ನಾವು: ಮುಹೂರ್ತ?

ಕರೆಯೋಲೆ: ಅದು ನಮ್ಮ ಯಜಮಾನರ ಅನುಕೂಲ. ಮನೆಯವರೆಲ್ಲ ಮಲಗಿದ ಮೇಲಾದರೆ ಒಳ್ಳೆಯದು.

ನಾವು: ಉಡುಗೊರೆ ಏನು ತರಬೇಕು?

ಕರೆಯೋಲೆ: ತರುವ ಶ್ರಮ ಬೇಡ. ನಾವೇ ತೆಗೆದುಕೊಳ್ತೀವಿ.

ನಾವು: ನಮಗೆ ಬರುವ ಕರೆಯೋಲೆಗಳು ಫೋಟೊ, ಪಿಡಿಎಫ್, ಇಲ್ಲವೇ ಹಾಡು ಹಾಕಿದ ವಿಡಿಯೊ ಆಗಿರುತ್ತವೆ. ನೀವು?

ಕರೆಯೋಲೆ: ಅವೆಲ್ಲ ನೋಡಿ ಪಕ್ಕಕ್ಕಿಡುವಂಥವು ಸ್ವಾಮಿ. ನಾನು ಆ್ಯಪ್. ಎಪಿಕೆ ಅಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಇಳಿಸುವ ಗಂಟು. ಪ್ಲೇ ಸ್ಟೋರಿನ ಬಾಗಿಲಲ್ಲಿ ತಪಾಸಣೆ ಇರುತ್ತೆ, ಅದಕ್ಕೇ ಹಿತ್ತಲ ಕಡೆಯಿಂದ ಬರೋದು.

ನಾವು: ಅಂದರೆ ಕಳ್ಳತನ.

ಕರೆಯೋಲೆ (ನೊಂದು): ಆ ಮಾತು ಆಡಬೇಡಿ. ಕಳ್ಳ ಬೀಗ ಒಡೀತಾನೆ. ನಾನು ಒಂದು ಬೀಗವನ್ನೂ ಮುಟ್ಟಿದವನಲ್ಲ. ನನ್ನ ಮೇಲೆ ಬೆರಳಿಟ್ಟ ಕೂಡಲೇ ಫೋನೇ ಹೇಳುತ್ತೆ, ಇದು ಗೊತ್ತುಗುರಿಯಿಲ್ಲದ ಆ್ಯಪ್, ನಿಮ್ಮ ಸುರಕ್ಷತೆಗಾಗಿ ತಡೆದಿದ್ದೇನೆ ಅಂತ. ಮಾಲೀಕರು ಸೆಟ್ಟಿಂಗ್ಸ್‌ಗೆ ಹೋಗಿ, ಹುಡುಕಿ, ಆ ತಡೆಯನ್ನು ತಾವೇ ತೆಗೀತಾರೆ. ಪ್ಲೇ ಪ್ರೊಟೆಕ್ಟ್ ಅಡ್ಡ ಬಂದರೆ ಅದನ್ನೂ ಪಕ್ಕಕ್ಕೆ ಸರಿಸ್ತಾರೆ. ಆಮೇಲೆ ‘ನಿಮ್ಮ ಎಸ್‌ಎಂಎಸ್ ಓದಲೇ?’ ಅಂತ ಕೇಳ್ತೀನಿ. ಅಲೌ. ‘ಕಾಂಟ್ಯಾಕ್ಟ್ಸ್ ನೋಡಲೇ?’ ಅಲೌ. ಮದುವೆ ಕಾಗದಕ್ಕೆ ನನ್ನ ಮೆಸೇಜು ಯಾಕಪ್ಪಾ ಅಂತ ಒಬ್ಬರಾದರೂ ಕೇಳಬೇಡವೇ? ಬಸ್ಸಿನಲ್ಲಿ ಪಕ್ಕದ ಸೀಟಿನವನು ಮೊಬೈಲಿಗೆ ಇಣುಕಿದರೆ ಜಗಳಕ್ಕೇ ನಿಲ್ಲುವವರೂ ಇವರೇ.

(ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನೀರು ಕುಡಿದು ಮುಂದುವರಿದೆವು.)

ನಾವು: ಒಳಗೆ ಹೋದ ಮೇಲೆ?

ಕರೆಯೋಲೆ: ಆದಷ್ಟು ಮುಖ ಮರೆಸಿಕೊಳ್ತೀನಿ. ಮಾಲೀಕರು ‘ಕಾರ್ಡು ಓಪನ್ನೇ ಆಗಲಿಲ್ಲ’ ಅಂತ ಸುಮ್ಮನಾಗ್ತಾರೆ. ಒಟಿಪಿ ಬಂತೋ, ನಕಲು ತೆಗೆದು ಯಜಮಾನರಿಗೆ ರವಾನೆ. ಯಾರಿಗೂ ಒಟಿಪಿ ಹೇಳಬೇಡಿ ಅಂತ ಬ್ಯಾಂಕುಗಳು ವರ್ಷಗಟ್ಟಲೆ ಸಾರಿದವು. ಪಾಪ, ಇವರು ಹೇಳಿಯೂ ಇಲ್ಲ! ವಾಟ್ಸಾಪ್‌ನ ಆರಂಕಿ ಕೋಡೂ ಅಷ್ಟೆ. ಅದು ಸಿಕ್ಕಿದರೆ ಇವರ ಖಾತೆ ಯಜಮಾನರ ಫೋನಿನಲ್ಲಿ ತೆರೆದುಕೊಳ್ಳುತ್ತೆ, ಅಲ್ಲಿಂದ ಇವರ ಹೆಸರಲ್ಲೇ ನನ್ನನ್ನು ಬಂಧುಬಳಗಕ್ಕೆಲ್ಲ ಹಂಚ್ತಾರೆ. ಟು-ಸ್ಟೆಪ್ ವೆರಿಫಿಕೇಷನ್ ಅಂತ ಇನ್ನೊಂದು ಪಿನ್ ಇಟ್ಟುಕೊಂಡವರ ಹತ್ತಿರ ಮಾತ್ರ ಆಟ ನಡೆಯಲ್ಲ.

ನಾವು: ನಿಮ್ಮದು ದೊಡ್ಡ ಮನೆತನವಂತೆ.

ಕರೆಯೋಲೆ: ದಾಯಾದಿಯೊಬ್ಬ ಟ್ರಾಫಿಕ್ ಚಲನ್ ಆಗಿದ್ದಾನೆ, ಇನ್ನೊಬ್ಬ ಬ್ಯಾಂಕ್ ಕೆವೈಸಿ, ಮತ್ತೊಬ್ಬ ಪಿಎಂ ಕಿಸಾನ್ ಹೆಸರಿಟ್ಟುಕೊಂಡು ಹಳ್ಳಿ ಕಡೆ. 2024ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ನನ್ನ ಬಗ್ಗೆ ಎಚ್ಚರಿಕೆ ಹೊರಡಿಸಿದರು. ಮಲೇಷ್ಯಾ, ಬ್ರೂನೈಗಳಲ್ಲಿ ಮದುವೆಗೆ ಕರೆಯುತ್ತಿದ್ದ ನಮ್ಮವನೊಬ್ಬನನ್ನು ಸೈಬರ್ ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿಯವರು ಹಿಡಿದು ‘ಟ್ರಿಯಾ’ ಅಂತ ನಾಮಕರಣವನ್ನೂ ಮಾಡಿದರು.

ನಾವು: ಐಫೋನಿನವರು?

ಕರೆಯೋಲೆ: ಅಲ್ಲಿ ನನಗೆ ಚಪ್ಪಲಿ ಬಿಡಲೂ ಜಾಗವಿಲ್ಲ. ಹಾಗಂತ ಅವರು ಮೀಸೆ ತಿರುವಬೇಕಿಲ್ಲ. ನಕಲಿ ಲಿಂಕಿಗೆ ಯಾವ ಫೋನಾದರೂ ಒಂದೇ.

ನಾವು: ಗೊತ್ತಿಲ್ಲದೆ ಒಳಗೆ ಬಿಟ್ಟುಕೊಂಡವರು ಏನು ಮಾಡಬೇಕು?

ಕರೆಯೋಲೆ: ನನ್ನ ಬಾಯಲ್ಲೇ ಹೇಳಿಸ್ತೀರಲ್ಲ! ಏರೋಪ್ಲೇನ್ ಮೋಡ್ ಹಾಕಿ ವೈಫೈ ಆರಿಸಿದರೆ ಕದ್ದದ್ದನ್ನು ಕಳಿಸೋಕೆ ನನಗೆ ದಾರಿಯಿಲ್ಲ. ಬೇರೆಯವರ ಫೋನಿಂದ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು. ಪಾಸ್‌ವರ್ಡ್ ಬದಲಾಯಿಸೋದೂ ಬೇರೆ ಫೋನಿಂದಲೇ. ನನ್ನ ಕಣ್ಣೆದುರು ಬದಲಾಯಿಸಿ ಏನು ಬಂತು? ಕೊನೆಗೆ ಫ್ಯಾಕ್ಟರಿ ರೀಸೆಟ್. ಆದರೆ ನಮ್ಮ ಜನ ಮೊದಲ ದಿನ ಪಕ್ಕದ ಮನೆ ಹುಡುಗನನ್ನು ಕಾಯ್ತಾರೆ, ಎರಡನೇ ದಿನ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿರ್ತಾರೆ. ನಮಗೆ ಅಷ್ಟು ಸಾಕು.

ನಾವು: ನಿಮಗೆ ಯಾರ ಭಯವೂ ಇಲ್ಲವೇ? ಸೈಬರ್ ಪೊಲೀಸರು, ಆ್ಯಂಟಿವೈರಸ್?

ಕರೆಯೋಲೆ: ಸೋದರತ್ತೆಯರು.

ನಾವು: ಏನಂದಿರಿ?

ಕರೆಯೋಲೆ: ಒಬ್ಬರ ಫೋನಿಂದ ಅವರ ಸೋದರತ್ತೆಗೆ ಹೋದೆ. ಆಯಮ್ಮ ನನ್ನನ್ನು ತೆರೆಯಲೇ ಇಲ್ಲ. ನೇರ ಫೋನ್ ಹಚ್ಚಿ, ‘ಏನೋ, ವಾಟ್ಸಾಪಲ್ಲಿ ಕರೆದರೆ ಕರೆದಂಗಾಯ್ತೇನೋ? ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೆಯೋಕೆ ನಿನ್ನ ಹೆಂಡ್ತಿಗೆ ಕಾಲು ಸವೀತಿತ್ತೇನೋ?’ ಅಂತ ಹಿಡಕೊಂಡರು. ಆತ ‘ಯಾರ ಮದುವೆ ಅತ್ತೆ?’ ಅಂದ. ಅಲ್ಲಿಗೆ ನನ್ನ ಕಥೆ ಮುಗೀತು. ಆದರೂ ಆಯಮ್ಮನ ಸಿಟ್ಟು ಇಳೀಲಿಲ್ಲ. ‘ನಿಮಗೂ ಹಿಂಗೇ ಕರೆದಿದಾನೇನೇ?’ ಅಂತ ವಾರಗಿತ್ತಿಯರಿಗೆಲ್ಲ ಫೋನ್ ಮಾಡ್ತಾ ಕೂತರು. ನಾನು ಒಂದು ಮನೆ ಮುಟ್ಟುವಷ್ಟರಲ್ಲಿ ಅವರ ದೂರು ಹತ್ತು ಮನೆ ದಾಟಿತ್ತು.