ಗ್ಯಾಲರಿಯ ಯಾರ್ಕರ್

ಲಿಂಗಂಪಲ್ಲಿಯಿಂದ ಉಪ್ಪಲ್ ಸ್ಟೇಡಿಯಂ ಅಂದರೆ ಹೈದರಾಬಾದಿನ ಪಶ್ಚಿಮದ ತುದಿಯಿಂದ ಪೂರ್ವದ ತುದಿ. ಮಿಯಾಪುರದವರೆಗೆ ಆಟೊ, ಅಲ್ಲಿಂದ ಮೆಟ್ರೊ, ಅಮೀರ್‌ಪೇಟೆಯಲ್ಲಿ ಇಳಿದು ಇನ್ನೊಂದು ಮೆಟ್ರೊ. ಇಷ್ಟು ಹೊತ್ತಿನಲ್ಲಿ ಲಿಂಗಂಪಲ್ಲಿಯ ನಮ್ಮ ಕನ್ನಡಿಗರು ಭಾರತ ತಂಡವನ್ನು ಎರಡು ಸಲ ಆರಿಸಿ, ಮೂರು ಸಲ ವಿಸರ್ಜಿಸಿರುತ್ತಾರೆ. ಬೀದರಿನವರು, ಕಲಬುರಗಿಯವರು, ಬೆಂಗಳೂರಿನಿಂದ ಸಾಫ್ಟ್‌ವೇರಿನ ಬೆನ್ನು ಹತ್ತಿ ಬಂದವರು. ಅರ್ಧ ಜನ ಆರ್‌ಸಿಬಿ, ಉಳಿದರ್ಧ ಸನ್‌ರೈಸರ್ಸ್. ಎಳೆಯ ವೇಗದ ಬೌಲರ್ ವಿಷಯ ಬಂತೆಂದರೆ ಮಾತ್ರ ಪಕ್ಷಭೇದವಿಲ್ಲ. ಹುಡುಗ ಓಡಿ ಬಂದು ಚೆಂಡು ಬಿಟ್ಟ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ: “ಎಷ್ಟು ಬಂತ್ರೀ?”

ವಿಕೆಟ್ ಅಲ್ಲ, ಕಿಲೋಮೀಟರ್.

2022ರ ಮೇ ತಿಂಗಳಲ್ಲಿ ಸನ್‌ರೈಸರ್ಸ್‌ನ ಉಮ್ರಾನ್ ಮಲಿಕ್ ಗಂಟೆಗೆ 157 ಕಿ.ಮೀ. ಮುಟ್ಟಿದಾಗ ಲಿಂಗಂಪಲ್ಲಿಯ ಚಹಾ ಅಂಗಡಿಗಳು ಅವನನ್ನು ದತ್ತು ತೆಗೆದುಕೊಂಡವು. ಎರಡೇ ವರ್ಷ, 2024ರ ಐಪಿಎಲ್‌ನಲ್ಲಿ ಅವನಿಗೆ ಸಿಕ್ಕಿದ್ದು ಒಂದು ಪಂದ್ಯ. “ನಾ ಮೊದಲೇ ಹೇಳಿದ್ನೆಲ್ರೀ, ಲೈನೂ ಇಲ್ಲ ಲೆಂತೂ ಇಲ್ಲ ಅಂತ” ಎಂದರು ದತ್ತು ತಂದೆಯರು. ಅಷ್ಟರಲ್ಲಿ ಮಯಾಂಕ್ ಯಾದವ್ ಬಂದ. 21ರ ಹುಡುಗ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ವಿರುದ್ಧ 156.7 ಕಿ.ಮೀ. ವೇಗದಲ್ಲಿ ಎಸೆದು, 14 ರನ್ನಿಗೆ 3 ವಿಕೆಟ್ ಕಿತ್ತ. ಮುಂದಿನ ಪಂದ್ಯದಲ್ಲೇ ಒಂದು ಓವರ್ ಹಾಕಿ ಪಕ್ಕೆ ಹಿಡಿದುಕೊಂಡು ಹೊರನಡೆದ. ಲಿಫ್ಟ್ ಕೆಟ್ಟ ದಿನ ವರ್ಕ್ ಫ್ರಂ ಹೋಮ್ ಕೇಳುವವರು ಅವನಿಗೆ ಫಿಟ್‌ನೆಸ್ ಇಲ್ಲ ಎಂದು ತೀರ್ಪಿತ್ತರು.

ನಮ್ಮ ವೈಶಾಖ್ ವಿಜಯ್‌ಕುಮಾರ್ ಕಥೆ ಇನ್ನೂ ಸೊಗಸು. 2023ರ ಏಪ್ರಿಲ್ 15, ಚಿನ್ನಸ್ವಾಮಿ, ಆರ್‌ಸಿಬಿ ಪರ ಐಪಿಎಲ್‌ನ ಮೊದಲ ಪಂದ್ಯ: 20 ರನ್ನಿಗೆ 3 ವಿಕೆಟ್. ಲಿಂಗಂಪಲ್ಲಿಯಲ್ಲಿ ಕನ್ನಡದ ಬಾವುಟ. 2024ರ ಏಪ್ರಿಲ್ 15, ಅದೇ ಚಿನ್ನಸ್ವಾಮಿ, ಹೈದರಾಬಾದ್ 287 ಬಾರಿಸಿದ ರಾತ್ರಿ: 64 ರನ್, ವಿಕೆಟ್ ಸೊನ್ನೆ. ಬಾವುಟ ಮಡಚಿ ಒಳಗಿಟ್ಟರು. ಅದೇ ದಿನ ಇಂಗ್ಲೆಂಡಿನ ರೀಸ್ ಟಾಪ್ಲಿ 68 ಕೊಟ್ಟಿದ್ದರು ಎಂಬುದು ಯಾರಿಗೂ ನೆನಪಿಲ್ಲ. ಬೈಯುವುದಕ್ಕೂ ನಮಗೆ ನಮ್ಮೂರ ಹುಡುಗನೇ ಆಗಬೇಕು.

ಹಾಗಂತ ಗ್ಯಾಲರಿಗೆ ಬೌಲಿಂಗ್ ಬರುವುದಿಲ್ಲ ಎನ್ನಲಾರೆ. 2023ರ ಮೇ 13ರಂದು ಉಪ್ಪಲ್‌ನಲ್ಲಿ ಲಖನೌ ವಿರುದ್ಧದ ಪಂದ್ಯ. ಸೊಂಟದೆತ್ತರದ ಚೆಂಡನ್ನು ಮೂರನೇ ಅಂಪೈರ್ ನೋಬಾಲ್ ಅಲ್ಲ ಎಂದರು. ಗ್ಯಾಲರಿ ತಾನೇ ದಾಳಿಗಿಳಿಯಿತು. ನಟ್ಟು ಬೋಲ್ಟು ತೂರಿ ಬಂದವೆಂದು ಪತ್ರಿಕೆಗಳು ಬರೆದವು. ಲಾಂಗ್‌ಆನ್‌ನಲ್ಲಿ ನಿಂತಿದ್ದ ಲಖನೌದ ಪ್ರೇರಕ್ ಮಾಂಕಡ್ ತಲೆಗೆ ಏಟು ಬಿತ್ತೆಂದು ಕೋಚ್ ಜಾಂಟಿ ರೋಡ್ಸ್ ಹೇಳಿದರು. ಅಷ್ಟು ದೂರದಿಂದ, ಅಷ್ಟು ಗುರಿ! ಗೇಟಿನಲ್ಲಿ ನೀರಿನ ಬಾಟಲಿಯನ್ನೂ ಬಿಡದ ಜಾಗಕ್ಕೆ ಬೋಲ್ಟು ಎಲ್ಲಿಂದ ಬಂತೋ. ಬಹುಶಃ ಕೂತ ಕುರ್ಚಿಯನ್ನೇ ಬಿಚ್ಚಿರಬೇಕು. ಮಾಂಕಡ್ ಮಾತ್ರ ಬ್ಯಾಟ್ ಹಿಡಿದು ಅಜೇಯ 64 ಹೊಡೆದು ಪಂದ್ಯಶ್ರೇಷ್ಠನಾದ. ತವರಿನ ಜನರ ವರ್ತನೆ ಬೇಸರ ತಂದಿತು ಎಂದವರು ಎದುರಾಳಿಗಳಲ್ಲ, ಹೈದರಾಬಾದಿನ ಆಟಗಾರ ಕ್ಲಾಸೆನ್.

ಅಮೆರಿಕದವರು ಇದರಲ್ಲೂ ನಮಗಿಂತ ಮುಂದೆ. ಹತ್ತು ಸೆಂಟಿನ ಬಿಯರ್ ಕುಡಿದ ಕ್ಲೀವ್‌ಲ್ಯಾಂಡಿನ ಬೇಸ್‌ಬಾಲ್ ಪ್ರೇಕ್ಷಕರು 1974ರಲ್ಲಿ ಮೈದಾನಕ್ಕೇ ನುಗ್ಗಿದರು, ಪಂದ್ಯ ಎದುರಾಳಿ ಟೆಕ್ಸಾಸ್ ಪಾಲಾಯಿತು. ಅದೇ ವರ್ಷ ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈಗೆ ಮಾಡಿದ ಶಸ್ತ್ರಚಿಕಿತ್ಸೆಗೆ ಇಂದಿಗೂ ಅವನದೇ ಹೆಸರು; ವೇಗದ ಹಿಂದೆ ಬಿದ್ದ ಎಳೆಯರು ಈಗಲೂ ಆ ಟೇಬಲ್ ಹತ್ತುತ್ತಿದ್ದಾರೆ. ಎಸೆಯುವವನ ಕೈಗೆ ವೈದ್ಯರು ಮದ್ದು ಕಂಡುಹಿಡಿದರು. ನೋಡುವವನ ಬಾಯಿಗೆ ಇನ್ನೂ ಸಿಕ್ಕಿಲ್ಲ.

ಮೊಹಮ್ಮದ್ ಸಿರಾಜ್ ಹೈದರಾಬಾದಿನ ಆಟೊ ಚಾಲಕರ ಮಗ. 2019ರಲ್ಲಿ ಆರ್‌ಸಿಬಿಗೆ ಆಡುತ್ತಿದ್ದಾಗ ಹೊಡೆಸಿಕೊಂಡ. ಆಟ ಬಿಟ್ಟು ಅಪ್ಪನ ಜೊತೆ ಆಟೊ ಓಡಿಸೆಂದು ಜನ ಬೈದದ್ದನ್ನು ಮುಂದೆ ಅವನೇ ಹೇಳಿಕೊಂಡಿದ್ದಾನೆ. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಪ್ರೇಕ್ಷಕರು ಅವನನ್ನು ನಿಂದಿಸಿದಾಗ ಆಟ ನಿಂತಿತು, ಆರು ಜನರನ್ನು ಎಬ್ಬಿಸಿ ಹೊರಗೆ ಕಳಿಸಿದರು. ನಮ್ಮ ರಕ್ತ ಕುದಿಯಿತು, ನ್ಯಾಯವೇ. ಆದರೆ ಆಟೊ ಓಡಿಸೆಂದ ನಮ್ಮವರನ್ನು ಎಬ್ಬಿಸಿ ಹೊರಗೆ ಕಳಿಸಲು ಫೋನಿನೊಳಗಿನ ಗ್ಯಾಲರಿಯಲ್ಲಿ ಪೊಲೀಸರಿಲ್ಲ. 2025ರ ಏಪ್ರಿಲ್‌ನಲ್ಲಿ ಸಿರಾಜ್ ಗುಜರಾತಿನ ಅಂಗಿ ತೊಟ್ಟು ಅದೇ ಉಪ್ಪಲ್‌ಗೆ ಬಂದ. 17 ರನ್ನಿಗೆ 4 ವಿಕೆಟ್.

ಅಮೀರ್‌ಪೇಟೆಯಲ್ಲಿ ಮೆಟ್ರೊ ಬದಲಿಸುವ ಬಂಧುಗಳೇ, ಹುಡುಗರ ಲೈನು ಲೆಂತನ್ನು ಅವರ ಕೋಚ್‌ಗಳು ನೋಡಿಕೊಳ್ಳುತ್ತಾರೆ. ನೀವು ಕೂತ ಕುರ್ಚಿಯ ಬೋಲ್ಟು ಬಿಗಿಯಾಗಿದೆಯೇ ಎಂದಷ್ಟೇ ನೋಡಿಕೊಳ್ಳಿ, ಮತ್ತು ದಯವಿಟ್ಟು ಅದನ್ನು ಅಲ್ಲೇ ಇರಗೊಡಿ.